15 ನಿಮಿಷದ ನಾಚೋಸ್

ಅಡುಗೆ ವಿಡಿಯೋದ ಮೇಲೆ "15 ನಿಮಿಷದಲ್ಲಿ ರೆಡಿ" ಅಂತ ಬರೆದಿದ್ದರೆ ಅದನ್ನು ಸ್ವಲ್ಪ ಬಿಡಿಸಿ ಓದಬೇಕು. ಆ 15 ನಿಮಿಷ ಶುರುವಾಗುವುದು ಈರುಳ್ಳಿ ಹೆಚ್ಚಿ, ಚೀಸ್ ತುರಿದು, ಟೊಮ್ಯಾಟೊ ಕತ್ತರಿಸಿ, ಎಲ್ಲವನ್ನೂ ಪುಟ್ಟ ಪುಟ್ಟ ಗಾಜಿನ ಬಟ್ಟಲುಗಳಲ್ಲಿ ಸಾಲಾಗಿ ಜೋಡಿಸಿದ ಮೇಲೆ. ಅದನ್ನೆಲ್ಲ ಯಾರು ಮಾಡಿದರು? ಹೇಳುವುದಿಲ್ಲ. ಆ ಬಟ್ಟಲುಗಳನ್ನು ಆಮೇಲೆ ಯಾರು ತೊಳೆದರು? ಅದನ್ನಂತೂ ತೋರಿಸುವುದೇ ಇಲ್ಲ. ಓವನ್ ಆಗಲೇ ಕಾದು ಕೂತಿರುತ್ತದೆ. ನಮ್ಮ ಮನೆಯ ಓವನ್ 180 ಡಿಗ್ರಿಗೆ ಬರುವುದಕ್ಕೇ 15 ನಿಮಿಷ ಬೇಕು. ಅಂದರೆ ವಿಡಿಯೋದವರು ತಿಂದು ಕೈ ತೊಳೆಯುವ ಹೊತ್ತಿಗೆ ನಮ್ಮಲ್ಲಿ ಒಂದು ಖಾಲಿ ಪೆಟ್ಟಿಗೆ ಬಿಸಿಯಾಗಿರುತ್ತದೆ, ಅಷ್ಟೇ.

ಮೆಕ್ಕೆಜೋಳದ ಚಿಪ್ಸ್ ಮೇಲೆ ಚೀಸ್ ಹಾಕಿ ಬೇಕ್ ಮಾಡುವ ನಾಚೋಸ್ ನಮ್ಮ ಮನೆಗೆ ಬಂದದ್ದು ಮಗಳ ಮೂಲಕ. "ಅಮ್ಮಾ, ಇದ್ರಲ್ಲಿ ಕೆಲ್ಸಾನೇ ಇಲ್ಲ. ಚಿಪ್ಸ್ ಹರಡು, ಚೀಸ್ ಉದುರಿಸು, ಓವನ್‌ಗೆ ತಳ್ಳು. ಮುಗೀತು" ಅಂದಳು. ಹರಡುವುದು, ಉದುರಿಸುವುದು, ತಳ್ಳುವುದು ಮೂರೂ ನನಗೇ ಹೇಳಿದ್ದು. ಅವಳ ಪಾಲಿಗೆ ಉಳಿದದ್ದು "ಮುಗೀತು" ಒಂದೇ.

ಸರಿ, ಓವನ್ ಹಾಕಿದೆ. ಓವನ್ ಇರುವ ಮನೆಯವರಿಗೆಲ್ಲ ಗೊತ್ತು, ಅದು ಅಡುಗೆಮನೆಯಲ್ಲಿ ಗಾಜಿನ ಬಾಗಿಲಿರುವ ಇನ್ನೊಂದು ಕಪಾಟು. ದಿನಾ ಬೇಕಾಗದ ಬಾಣಲೆ, ಕೇಕಿನ ಅಚ್ಚು, ಮುಚ್ಚಳ ಕಳೆದುಕೊಂಡ ಡಬ್ಬಿ, ಡಬ್ಬಿ ಕಳೆದುಕೊಂಡ ಮುಚ್ಚಳ, ಎಲ್ಲವೂ ಅಲ್ಲೇ. "ಓವನ್ ಕಾಯಲು ಬಿಡಿ" ಅಂತ ಬರೆಯುವವರು "ಅದಕ್ಕೆ ಮುಂಚೆ ಬಾಗಿಲು ತೆಗೆದು ನೋಡಿ" ಅಂತ ಯಾಕೆ ಬರೆಯುವುದಿಲ್ಲವೋ! ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು. ಅತ್ತೆ ಹಾಲ್‌ನಿಂದಲೇ "ಚೀಸ್ ಕರಗ್ತಿದೆ ಅನ್ಸುತ್ತೆ, ನೋಡಮ್ಮಾ" ಅಂದರು. ಚೀಸ್ ಇನ್ನೂ ಫ್ರಿಜ್‌ನಲ್ಲಿತ್ತು. ಕರಗುತ್ತಿದ್ದದ್ದು ಪ್ಲಾಸ್ಟಿಕ್ ಮುಚ್ಚಳ. ಅದನ್ನು ಅಲ್ಲಿ ಇಟ್ಟವರು ಯಾರು ಎಂಬ ವಿಚಾರಣೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಆರೋಪಿಗಳು ಎಲ್ಲರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಇಂಥ ಹೊತ್ತಲ್ಲಿ ಮಾಡಬೇಕಾದದ್ದು ಇಷ್ಟು. ಓವನ್ ಆರಿಸಿ, ಕಿಟಕಿ ತೆಗೆದು, ಸುಮ್ನೆ ಕೂರಬೇಕು. ಪ್ಲಾಸ್ಟಿಕ್ ಬಿಸಿ ಇರುವಾಗ ಕೆರೆಯಲು ಹೋದರೆ ಎಳೆ ಎಳೆಯಾಗಿ ಎಲ್ಲ ಕಡೆ ಅಂಟುತ್ತದೆ. ತಣ್ಣಗಾದ ಮೇಲೆ ತುಂಡಾಗಿ ಎದ್ದು ಬರುತ್ತದೆ. ಈ ಜ್ಞಾನ ಮುಂದೆ ಚೀಸಿನ ಟ್ರೇಗೂ ಉಪಯೋಗಕ್ಕೆ ಬಂತು.

ಓವನ್ ತಣ್ಣಗಾಗುತ್ತಿರುವಾಗ ಚಿಪ್ಸ್ ಪೊಟ್ಟಣದ ಕಥೆ ಬೇರೆ ಶುರುವಾಗಿತ್ತು. ಪೊಟ್ಟಣದಲ್ಲಿ ಅರ್ಧ ಬರೀ ಗಾಳಿ ಅಂತ ನಮ್ಮ ಯಜಮಾನರು ಯಾವಾಗಲೂ ಗೊಣಗುತ್ತಾರೆ. ಅದು ಬರೀ ಗಾಳಿಯಲ್ಲ, ನೈಟ್ರೋಜನ್ ಅಂತ ಮಗ ತಿದ್ದಿದ. ಒಳಗೆ ಆಮ್ಲಜನಕ ಉಳಿದರೆ ಎಣ್ಣೆ ಕಮಟು ಹಿಡಿಯುತ್ತದೆ, ಅದಕ್ಕೇ ಅದನ್ನು ಹೊರಹಾಕಿ ನೈಟ್ರೋಜನ್ ತುಂಬುತ್ತಾರೆ, ಸಾಗಿಸುವಾಗ ಚಿಪ್ಸ್ ಪುಡಿಯಾಗದ ಹಾಗೂ ಅದೇ ಕಾಯುತ್ತದೆ ಅಂತೆಲ್ಲ ಬಹಳ ಚೆನ್ನಾಗಿ ವಿವರಿಸಿದ. ವಿವರಿಸುತ್ತಾ ವಿವರಿಸುತ್ತಾ ಉಳಿದ ಅರ್ಧವನ್ನು ತಿಂದು ಮುಗಿಸಿದ. ಟ್ರೇ ಮೇಲೆ ಹರಡಲು ಸಿಕ್ಕಿದ್ದು ತಳದ ಪುಡಿ. ಅಂದಿನಿಂದ ಚಿಪ್ಸನ್ನು ನಾನು ವಾಷಿಂಗ್ ಮೆಷಿನ್ ಪುಡಿಯ ಡಬ್ಬಿಯ ಹಿಂದೆ ಇಡುತ್ತೇನೆ. ಆ ಜಾಗಕ್ಕೆ ಮನೆಯಲ್ಲಿ ಬೇರೆ ಯಾರೂ ಹೋಗಿದ್ದು ನಾನು ಕಂಡಿಲ್ಲ.

ಪೊಟ್ಟಣ ಖಾಲಿಯಾದದ್ದನ್ನು ಕಂಡು ಯಜಮಾನರಿಗೆ ಉತ್ಸಾಹ ಬಂತು. "ಅಂಗಡೀದೇ ಯಾಕೆ ಬೇಕು? ಮನೇಲೇ ಮಾಡೋಣ ಕಣೇ" ಅಂದರು. ಮಾಡೋಣ ಅನ್ನುವ ಮಾತು ಅವರಿಂದ ಬಂದರೆ ನನಗೆ ಬೆನ್ನಲ್ಲಿ ಸಣ್ಣಗೆ ನೋವು ಶುರುವಾಗುತ್ತದೆ. ಫೋನ್ ಹಿಡಿದು ಓದಲು ಕೂತರು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ಸಿಪ್ಪೆ ಕಳೆದು ರುಬ್ಬಿದರೇ ಟೋರ್ಟಿಯಾ ಎಂಬ ತೆಳು ರೊಟ್ಟಿಯ ಹಿಟ್ಟು ಸರಿಯಾಗಿ ಕೂಡಿಕೊಳ್ಳುವುದಂತೆ. ಮೆಕ್ಸಿಕೋದ ಕಡೆಯವರು ಸಾವಿರಾರು ವರ್ಷಗಳಿಂದ ಹೀಗೇ ಮಾಡುತ್ತಾ ಬಂದಿದ್ದಾರಂತೆ. ಸುಣ್ಣ ಹಾಕಿದರೆ ಜೋಳದೊಳಗಿನ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವ ಹಾಗಾಗುತ್ತದಂತೆ. ಯೂರೋಪಿನವರು ಜೋಳ ಒಯ್ದರು, ಸುಣ್ಣದ ಕ್ರಮ ಒಯ್ಯಲಿಲ್ಲ. ಜೋಳವನ್ನೇ ನಂಬಿದ ಬಡವರಿಗೆ ಆ ವಿಟಮಿನ್ ಸಿಗದೆ ಪೆಲಾಗ್ರಾ ಎಂಬ ಕಾಯಿಲೆ ಬಂತು. ಇದು ನಿಜ, ಮುಖ್ಯವಾದ ಮಾತು ಕೂಡ. ಆದರೆ ಇದನ್ನೆಲ್ಲ ಓದಿ ಹೇಳಿ ಅವರು ಕೇಳಿದ್ದು "ಸುಣ್ಣ ತರ್ಲಾ?" ಅಂತ. ಸಂಜೆ ಐದು ಗಂಟೆಗೆ.

"ರೀ, ಸುಣ್ಣ ಬೇಡ, ಮಾಡಿಟ್ಟ ಟೋರ್ಟಿಯಾ ತನ್ನಿ ಸಾಕು" ಅಂತ ಕಳಿಸಿದೆ. ತಂದರು. ಒಂದೊಂದನ್ನು 6 ತ್ರಿಕೋನ ಮಾಡಿ, ಎರಡೂ ಬದಿಗೆ ತೆಳ್ಳಗೆ ಎಣ್ಣೆ ಸವರಿ, ಉಪ್ಪು ಉದುರಿಸಿ, 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಇಡಬೇಕು. ನಡುವೆ ಒಮ್ಮೆ ತಿರುವಿ ಹಾಕಬೇಕು. ಇದು ನಿಜಕ್ಕೂ ಸುಲಭ. ಒಂದೇ ತೊಂದರೆ, ಓವನ್‌ನಿಂದ ತೆಗೆದ ಕೂಡಲೇ ಅವು ಪೂರ್ತಿ ಗರಿಗರಿ ಇರುವುದಿಲ್ಲ. ಹೊರಗೆ ಆರಿದ ಮೇಲೆ ಗರಿಯಾಗುತ್ತವೆ. ಇದನ್ನು ಯಜಮಾನರಿಗೆ ಹೇಳುವಷ್ಟರಲ್ಲಿ ಅವರು "ಇನ್ನೂ ಮೆತ್ತಗಿದೆ" ಅಂತ ಮತ್ತೆ ಒಳಗಿಟ್ಟರು. ಮತ್ತೆ ತೆಗೆದು ಒತ್ತಿ ನೋಡಿದರು. ಮತ್ತೆ ಇಟ್ಟರು. ಕೊನೆಗೆ ಅವು ತಣ್ಣಗಾದಾಗ ತಟ್ಟೆಗೆ ಹಾಕಿದ ಸದ್ದಿಗೆ ಪಕ್ಕದ ರೂಮಿನಿಂದ ಮಗ ಓಡಿ ಬಂದ, ಏನೋ ಒಡೆಯಿತು ಅಂತ. ಅತ್ತೆ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಹಾಗೇ ವಾಪಸ್ ಇಟ್ಟರು. "ನನ್ನ ಹತ್ರ ಇರೋದು ಒಂದೇ ಸೆಟ್ ಹಲ್ಲು" ಅಂದರು.

ಈ ತಿಂಡಿ ಹುಟ್ಟಿದ್ದೇ ಗಡಿಬಿಡಿಯಲ್ಲಿ. ಮೆಕ್ಸಿಕೋದ ಉತ್ತರದ ಅಂಚಿನಲ್ಲಿ ಪಿಯೆದ್ರಾಸ್ ನೆಗ್ರಾಸ್ ಅಂತ ಒಂದು ಊರು. ರಿಯೋ ಗ್ರಾಂಡೆ ಹೊಳೆ ದಾಟಿದರೆ ಅಮೆರಿಕದ ಟೆಕ್ಸಸ್, ಈಗಲ್ ಪಾಸ್ ಎಂಬ ಊರು. 1940ರ ದಶಕದ ಶುರುವಿನಲ್ಲಿ ಆ ದಡದ ಕೆಲವು ಹೆಂಗಸರು ಈ ದಡಕ್ಕೆ ಬಂದು ವಿಕ್ಟರಿ ಕ್ಲಬ್ ಎಂಬ ಹೋಟೆಲಿನಲ್ಲಿ ಕೂತರು. ತಿನ್ನಲು ಏನಾದರೂ ಕೊಡಿ ಅಂದರು. ಅಡುಗೆಯವನು ಎಲ್ಲೂ ಕಾಣಲಿಲ್ಲ. ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ ಇಗ್ನಾಸಿಯೋ ಅನಾಯಾ ತಾನೇ ಒಳಗೆ ಹೋದ. ಕರಿದ ಟೋರ್ಟಿಯಾ ಚೂರು, ಮೇಲೆ ಚೀಸ್, ಸ್ವಲ್ಪ ಬಿಸಿ, ಮೇಲೆ ವಿನೆಗರ್‌ನಲ್ಲಿ ಹಾಕಿಟ್ಟ ಹಲಪೀನೊ ಮೆಣಸಿನಕಾಯಿ. ಮುಗೀತು. ಇಗ್ನಾಸಿಯೋ ಎಂಬ ಹೆಸರನ್ನು ಮುದ್ದಿಗೆ ನಾಚೋ ಅನ್ನುತ್ತಾರೆ, ಅದೇ ಹೆಸರು ತಿಂಡಿಗೂ ಬಂತು. ಈಗ ಪ್ರತಿ ವರ್ಷ ಅಕ್ಟೋಬರ್ 21 ನಾಚೋಸ್ ದಿನ.

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಕಾಣದಿದ್ದರೆ ಯಜಮಾನರೂ ಒಳಗೆ ಹೋಗುತ್ತಾರೆ. ಹೋಗಿ, ನೀನೆಲ್ಲಿದ್ದೀಯ ಅಂತ ನನಗೆ ಫೋನ್ ಮಾಡುತ್ತಾರೆ.

ಈ ಕಥೆಯಲ್ಲಿ ಒಂದು ಸಣ್ಣ ವಿವರವನ್ನು ಎಲ್ಲರೂ ದಾಟಿ ಹೋಗುತ್ತಾರೆ. ಆ ಹೆಂಗಸರು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಹಸಿದಿದ್ದರು. ತಟ್ಟೆ ಮುಂದೆ ಬಂದಾಗ ಅವರು ಅಲ್ಲೇ ಇದ್ದರು. ಇದೆಷ್ಟು ದೊಡ್ಡ ವಿಷಯ ಅಂತ ನನ್ನ ನಾದಿನಿಯ ಪ್ರಸಂಗ ಬಂದಾಗ ಗೊತ್ತಾಗುತ್ತದೆ.

ಅದಕ್ಕೆ ಮುಂಚೆ ಚೀಸ್. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ತುರಿದು ಪೊಟ್ಟಣದಲ್ಲಿ ಮಾರುವ ಚೀಸ್ ಒಂದಕ್ಕೊಂದು ಅಂಟಬಾರದು ಅಂತ ಅದಕ್ಕೆ ಪಿಷ್ಟದ ಪುಡಿ ಅಥವಾ ಸೆಲ್ಯುಲೋಸ್ ಸವರಿರುತ್ತಾರೆ. ಪೊಟ್ಟಣದಲ್ಲಿ ಅಂಟದ್ದು ಓವನ್‌ನಲ್ಲೂ ಅಷ್ಟು ಸಲೀಸಾಗಿ ಕೂಡಿಕೊಳ್ಳುವುದಿಲ್ಲ. ಗಡ್ಡೆ ಚೀಸ್ ತಂದು ತುರಿದರೇ ಚೆಂದ. ಆದರೆ ತುರಿಮಣೆಗೆ ಒಂದು ಸ್ವಭಾವವಿದೆ. ಕೊನೆಯ ಚೂರಿಗೆ ಬಂದಾಗ ಚೀಸ್ ಯಾವುದು, ಬೆರಳಿನ ಗೆಣ್ಣು ಯಾವುದು ಅಂತ ಅದು ನೋಡುವುದಿಲ್ಲ. ಆ ಕೊನೆಯ ಚೂರನ್ನು ತುರಿಯಬಾರದು, ಬಾಯಿಗೆ ಹಾಕಿಕೊಳ್ಳಬೇಕು. ತುರಿಯುವವರಿಗೆ ಅದು ಸಿಗಬೇಕಾದ ಸಂಬಳ. ಮಗಳು ಇದನ್ನು ಒಪ್ಪುವುದಿಲ್ಲ. ಅವಳು ತುರಿಯುವುದೂ ಇಲ್ಲ.

ಯಾವ ಚೀಸ್ ಎಂಬುದು ಇನ್ನೊಂದು ಪಜೀತಿ. ಯಜಮಾನರು ಒಮ್ಮೆ ಫೆಟಾ ತಂದರು. "ಇದೂ ಚೀಸೇ ಅಲ್ವಾ, ಬೆಳ್ಳಗೂ ಇದೆ" ಅಂತ ವಾದ. ಫೆಟಾ ಹುಳಿ ಜಾಸ್ತಿ ಇರುವ ಚೀಸ್. ಅಂಥದ್ದು ಬಿಸಿಗೆ ಹರಿಯುವುದಿಲ್ಲ. ಒಣಗುತ್ತದೆ, ಅಂಚು ಕಂದಾಗುತ್ತದೆ, ಆದರೆ ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಅರ್ಧ ಗಂಟೆ ಆದರೂ ಅದು ತುಂಡು ತುಂಡಾಗಿ ಹಾಗೇ ಕೂತಿತ್ತು. ಬರೀ ಮೊಜರೆಲ್ಲಾ ಹಾಕಿದರೆ ಉಲ್ಟಾ ತೊಂದರೆ. ಅದು ಎಳೆ ಎಳೆಯಾಗಿ ಹಿಗ್ಗುತ್ತದೆ. ಒಂದು ಚಿಪ್ಸ್ ಎತ್ತಿದರೆ ಅದರ ಹಿಂದೆ ಇಡೀ ಟ್ರೇ ಮೆರವಣಿಗೆ ಹೊರಡುತ್ತದೆ. ಮಗ ಒಂದನ್ನು ಬಾಯಲ್ಲಿ ಕಚ್ಚಿ ಹಿಂದೆ ಹಿಂದೆ ನಡೆಯುತ್ತಾ ಬಾಲ್ಕನಿ ಬಾಗಿಲ ತನಕ ಹೋದ, ಎಳೆ ತುಂಡಾಗಲಿಲ್ಲ. ಬಹಳ ಹಳೆಯ ಚೆಡ್ಡಾರ್ ತಂದರೆ ಎಣ್ಣೆ ಬೇರೆಯಾಗಿ ಸೋರುತ್ತದೆ, ಚಿಪ್ಸ್ ಎಣ್ಣೆಯಲ್ಲಿ ಈಜುತ್ತದೆ. ಎಳೆಯ ಚೆಡ್ಡಾರ್ ಅಥವಾ ಮಾಂಟೆರೆ ಜ್ಯಾಕ್ ಸಿಕ್ಕರೆ ಅದೇ ಸರಿ. ಜೊತೆಗೆ ಸ್ವಲ್ಪ ಮೊಜರೆಲ್ಲಾ ಬೆರೆಸಬಹುದು, ಮಕ್ಕಳ ಸಮಾಧಾನಕ್ಕೆ.

ಇನ್ನು ಜೋಡಿಸುವುದು. ಫೋಟೋಗಳಲ್ಲಿ ನಾಚೋಸ್ ಯಾವಾಗಲೂ ಗುಡ್ಡೆಯಾಗಿರುತ್ತದೆ. ಮಗನಿಗೂ ಗುಡ್ಡೆಯೇ ಬೇಕು. ಎಷ್ಟು ಎತ್ತರಕ್ಕೆ ಪೇರಿಸಿದ ಅಂದರೆ ಓವನ್‌ನ ಮೇಲಿನ ಕಾಯಿಲ್‌ಗೆ ಒಂದು ಚಿಪ್ಸ್ ತಾಗಿ, ತುದಿ ಕೆಂಡವಾಯಿತು. ಗುಡ್ಡೆ ಮಾಡಿದರೆ ಆಗುವುದು ಮಹಡಿ ಮನೆಯ ನೀರಿನ ಕಥೆ, ತಲೆಕೆಳಗಾಗಿ. ಚೀಸೆಲ್ಲ ಮೇಲಿನವರಿಗೆ, ಕೆಳಗಿನವರಿಗೆ ಬರೀ ಒಣ ಚಿಪ್ಸ್. ತಿನ್ನುವವರಲ್ಲೂ ಆಗ ಎರಡು ಪಂಗಡ ಆಗುತ್ತದೆ. ಬೇಗ ಕೈ ಹಾಕಿದವರು, ಮರ್ಯಾದಸ್ಥರು. ಮರ್ಯಾದಸ್ಥರಿಗೆ ಪುಡಿ. ಅದಕ್ಕೇ ಅಗಲದ ಟ್ರೇಯಲ್ಲಿ ಒಂದೇ ಪದರ ಹರಡಿ ಚೀಸ್ ಹಾಕಿ, ಅದರ ಮೇಲೆ ಬೇಕಾದರೆ ಇನ್ನೊಂದು ಪದರ, ಅದಕ್ಕೆ ಬೇರೆಯಾಗಿ ಚೀಸ್. ಅಲ್ಲಿಗೆ ನಿಲ್ಲಿಸಬೇಕು. ಮೂರನೇ ಪದರ ದುರಾಸೆ. ಚಿಪ್ಸ್ ದಪ್ಪಗಿದ್ದರೆ ಒಳ್ಳೆಯದು, ತೆಳುವಾದದ್ದು ಎತ್ತುವಾಗಲೇ ಮುರಿದು ಒಳಗೆ ಬೀಳುತ್ತದೆ. ಆಮೇಲೆ ಅದನ್ನು ತೆಗೆಯಲು ಇನ್ನೊಂದು ಚಿಪ್ಸ್ ಕಳಿಸುತ್ತೀರಿ, ಅದೂ ವಾಪಸ್ ಬರುವುದಿಲ್ಲ.

ಒದ್ದೆ ಪದಾರ್ಥಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಟೊಮ್ಯಾಟೊ ಹೆಚ್ಚಿ ಬೀಜದ ಲೋಳೆ ತೆಗೆದು, ಚಿಟಿಕೆ ಉಪ್ಪು ಹಾಕಿ ಜರಡಿಯಲ್ಲಿ ಬಿಟ್ಟರೆ ನೀರು ಕೆಳಗಿಳಿಯುತ್ತದೆ. ಬೇಯಿಸಿದ ಬೀನ್ಸ್ ಕಾಳನ್ನು ಬಸಿದು, ಬಟ್ಟೆಯ ಮೇಲೆ ಹರಡಬೇಕು. ಟೊಮ್ಯಾಟೊ, ಸಾಲ್ಸಾ ಎಂಬ ಟೊಮ್ಯಾಟೊ ಸಾಸ್, ಸಾರ್ ಕ್ರೀಮ್ ಎಂಬ ಹುಳಿ ಕೆನೆ, ಕೊತ್ತಂಬರಿ ಎಲ್ಲ ಓವನ್‌ನಿಂದ ತೆಗೆದ ಮೇಲೇ. ಇದನ್ನು ನಾನು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಸಹಾಯ ಮಾಡಲು ಬಂದ ಯಜಮಾನರು ಸಾಲ್ಸಾ ಬಾಟಲಿಯನ್ನೇ ಬೋರಲು ಹಾಕಿದರು. "ಎಲ್ಲಾ ಒಟ್ಟಿಗೆ ಬೇಯ್ಲಿ ಅಂತ" ಅಂದರು. ಎಲ್ಲಾ ಒಟ್ಟಿಗೆ ಬೆಂದಿತು. ಚಮಚದಲ್ಲಿ ತಿಂದೆವು. ಅದಕ್ಕೆ ಅತ್ತೆ "ಇದು ಚೆನ್ನಾಗಿದೆ, ಅಗಿಯೋ ಕಷ್ಟ ಇಲ್ಲ" ಅಂತ ಸರ್ಟಿಫಿಕೇಟ್ ಬೇರೆ ಕೊಟ್ಟರು. ಯಜಮಾನರ ಮುಖದ ಕಳೆ ನೋಡಬೇಕಿತ್ತು.

ಬೆಣ್ಣೆಹಣ್ಣನ್ನು ಮಸೆದು ಮಾಡುವ ಗ್ವಾಕಮೋಲೆ ಬಗ್ಗೆ ಒಂದೇ ಮಾತು. ಬೀಜವನ್ನು ಬಟ್ಟಲಲ್ಲಿ ಇಟ್ಟರೆ ಕಪ್ಪಾಗುವುದಿಲ್ಲ ಎನ್ನುವುದು ಬರೀ ನಂಬಿಕೆ. ಗಾಳಿ ತಾಗಿದ ಕಡೆ ಕಪ್ಪಾಗುತ್ತದೆ. ಬೀಜ ಮುಚ್ಚಿದಷ್ಟು ಜಾಗ ಹಸಿರಾಗಿರುತ್ತದೆ, ಅಷ್ಟೇ. ನಿಂಬೆರಸ ಹಾಕಿ, ಪ್ಲಾಸ್ಟಿಕ್ ಹಾಳೆಯನ್ನು ಅದರ ಮೈಗೇ ಅಂಟಿಸಿ ಮುಚ್ಚಿದರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಈಗ ಹಲಪೀನೊ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಇದು 2500ರಿಂದ 8000ದ ಒಳಗೆ, ಅಂದರೆ ಮೆಣಸಿನಕಾಯಿಗಳ ಪೈಕಿ ಪರವಾಗಿಲ್ಲ ಅನ್ನುವಂಥದ್ದು. ಆ ಧೈರ್ಯದ ಮೇಲೆ ಯಜಮಾನರು ಬರಿಗೈಯಲ್ಲಿ ಹೆಚ್ಚಲು ಕೂತರು. ಖಾರ ಇರುವುದು ಬೀಜದಲ್ಲಿ ಅಂತ ಬೀಜಗಳನ್ನು ಉಗುರಿನಿಂದ ಒಂದೊಂದಾಗಿ ಕೆರೆದು ತೆಗೆದರು. ನಿಜವಾಗಿ ಖಾರ ಜಾಸ್ತಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಅದನ್ನು ಹಾಗೇ ಬಿಟ್ಟರು, ಉಗುರಿನ ಸಂದಿಯಲ್ಲಿ ಇನ್ನಷ್ಟು ತುಂಬಿಕೊಂಡರು. ಸೋಪು ಹಚ್ಚಿ ಕೈ ತೊಳೆದರು. ಕೈ ಶುದ್ಧ ಅಂತ ತೀರ್ಮಾನಿಸಿದರು. ರಾತ್ರಿ ಕಾಂಟ್ಯಾಕ್ಟ್ ಲೆನ್ಸ್ ತೆಗೆಯಲು ಕನ್ನಡಿ ಮುಂದೆ ನಿಂತರು.

ಆಮೇಲಿನದನ್ನು ವಿವರಿಸುವುದು ಹೆಂಡತಿಯಾದವಳಿಗೆ ಶೋಭಿಸುವುದಿಲ್ಲ. ಒಂದು ಕೂಗು ಕೇಳಿಸಿತು ಅಂತಷ್ಟೇ ಹೇಳುತ್ತೇನೆ. ಮಗಳು ಪೊಲೀಸರಿಗೆ ಫೋನ್ ಮಾಡಲಾ ಅಂತ ಕೇಳಿದಳು. ಕ್ಯಾಪ್ಸೈಸಿನ್ ಎಂಬ ಆ ಖಾರದ ಅಂಶ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಮೆಣಸಿನಕಾಯಿ ಹೆಚ್ಚಿದ ಕೈಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು ಹಚ್ಚಬೇಕು. ಉಗುರಿನ ಸಂದಿಗೂ. ಅಥವಾ ಕೈಗವಸು ಹಾಕಬೇಕು. ಕಣ್ಣಿಗೆ ಮಾತ್ರ ಎಣ್ಣೆ ಗಿಣ್ಣೆ ಏನೂ ಬೇಡ, ತುಂಬಾ ಹೊತ್ತು ಬರೀ ನೀರಲ್ಲಿ ತೊಳೆಯಬೇಕು. ಬಾಯಿ ಉರಿದರೆ ಹಾಲು ಕುಡಿಯಬೇಕು, ಹಾಲಿನ ಕೇಸಿನ್ ಪ್ರೋಟೀನ್ ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಅಂದು ರಾತ್ರಿ ಯಜಮಾನರು ಬಾತ್‌ರೂಮಿನಲ್ಲಿ ತಲೆ ಬಗ್ಗಿಸಿ ನಿಂತಿರುವಾಗ ಅತ್ತೆ ಡೈನಿಂಗ್ ಟೇಬಲ್ಲಿನಲ್ಲಿ ಉಳಿದ ಹಲಪೀನೊ ಚೂರುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಇದ್ರಲ್ಲಿ ಏನು ಖಾರ ಇದೆ ಅಂತ ಅವನು ಹಂಗೆ ಕುಣೀತಾನೆ?"

ಬೇಕ್ ಮಾಡುವುದು ಅಂತ ಹೇಳುವುದಕ್ಕೆ ಇರುವುದು 6ರಿಂದ 8 ನಿಮಿಷದ ಕೆಲಸ. 190 ಡಿಗ್ರಿ ಆಸುಪಾಸು ಸಾಕು. ಚೀಸ್ ಕರಗಿ ಅಲ್ಲಲ್ಲಿ ಗುಳ್ಳೆ ಎದ್ದ ಕೂಡಲೇ ಹೊರಗೆ. ಆದರೆ ಈ 8 ನಿಮಿಷದಲ್ಲಿ ಏನೇನು ಆಗಬಹುದು ಅಂದರೆ ಆಶ್ಚರ್ಯವಾಗುತ್ತದೆ. ಟ್ರೇಗೆ ಹಾಸುವ ಕಾಗದ ಬೇಕಿಂಗ್ ಪಾರ್ಚ್‌ಮೆಂಟ್ ಆಗಿರಬೇಕು. ಮೇಣ ಸವರಿದ ಕಾಗದ ನೋಡಲು ಹಾಗೇ ಇರುತ್ತದೆ, ಓವನ್‌ನಲ್ಲಿ ಹೊಗೆ ಬಿಡುತ್ತದೆ. ಕಾಗದ ಸರಿಯಿದ್ದರೂ ಟ್ರೇಗಿಂತ ದೊಡ್ಡದಾಗಿ ಕತ್ತರಿಸಿದರೆ ಓವನ್ ಫ್ಯಾನಿನ ಗಾಳಿಗೆ ಅಂಚು ಮೇಲೆದ್ದು, ನಿಧಾನಕ್ಕೆ ಮಡಚಿ, ಚೀಸಿನ ಮೇಲೆ ಹೊದಿಕೆ ಹಾಕಿಕೊಂಡು ಮಲಗುತ್ತದೆ. ಗಾಜಿನ ಹೊರಗಿನಿಂದ ಇದನ್ನು ನಾವು ಐದೂ ಜನ ನಿಂತು ನೋಡಿದೆವು. ಬಾಗಿಲು ತೆಗೆದರೆ ಬಿಸಿ ಹೋಗುತ್ತದೆ ಅಂತ ಯಾರೂ ತೆಗೆಯಲಿಲ್ಲ. ಕಾಗದ ಬಿಡಿಸಿದಾಗ ಚೀಸೆಲ್ಲ ಕಾಗದಕ್ಕೆ, ಚಿಪ್ಸೆಲ್ಲ ಬೋಳು. ಮಕ್ಕಳು ಕಾಗದದ ಕಡೆಗೆ ಹೋದರು.

ಇನ್ನು ಗ್ರಿಲ್ ಬಟನ್. ಅದನ್ನು ಮುಟ್ಟದೆ ಬದುಕುವುದೇ ವಾಸಿ. ಮೇಲಿನ ಕಾಯಿಲ್ ಕೆಂಪಾಗಿ ಉರಿಯುವಾಗ ಚೀಸ್ ಬಂಗಾರದ ಬಣ್ಣಕ್ಕೆ ಬರುವುದಕ್ಕೂ ಇದ್ದಿಲಾಗುವುದಕ್ಕೂ ನಡುವೆ ಒಂದು ನಿಮಿಷ ಇದ್ದರೆ ಹೆಚ್ಚು. ಆ ನಿಮಿಷದಲ್ಲೇ ಫೋನ್ ಬರುತ್ತದೆ. ನನಗೆ ಬಂದದ್ದು ನಾದಿನಿಯ ಫೋನ್.

ನಾದಿನಿ ಒಳ್ಳೆಯವಳು. ಕಪಟವಿಲ್ಲ, ಸಿಟ್ಟಿಲ್ಲ. ಗಡಿಯಾರ ಮಾತ್ರ ಬೇರೆ. "ಅತ್ತಿಗೆ, ಇಲ್ಲೇ ಬಂದ್ವಿ, ಇನ್ನು ಐದೇ ನಿಮಿಷ" ಅಂದರೆ ಅವಳು ಇನ್ನೂ ಸೀರೆ ಆರಿಸುತ್ತಿದ್ದಾಳೆ ಅಂತ ಅರ್ಥ. ಹಿಂದೆ ಬೀರು ಬಾಗಿಲಿನ ಸದ್ದು ಕೇಳಿಸುತ್ತಿರುತ್ತದೆ. ಬೇರೆ ತಿಂಡಿಯಾದರೆ ಇದರಿಂದ ತೊಂದರೆ ಇಲ್ಲ. ನಾಚೋಸ್ ಕಾಯುವ ಜಾತಿಯದ್ದಲ್ಲ. ಓವನ್‌ನಿಂದ ಹೊರಬಂದ ಮೊದಲ 5 ನಿಮಿಷ ಅದು ಸ್ವರ್ಗ. 10 ನಿಮಿಷಕ್ಕೆ ಚೀಸ್ ಬಿಗಿಯುತ್ತದೆ. ಅರ್ಧ ಗಂಟೆಗೆ ಇಡೀ ಟ್ರೇ ಒಂದೇ ಹಲಗೆಯಾಗಿ, ಒಂದು ಮೂಲೆ ಹಿಡಿದರೆ ಪೂರ್ತಿ ಎದ್ದು ಬರುತ್ತದೆ. ಅಂದು ನಾದಿನಿ ಬಂದಾಗ ನಾವು ಅದನ್ನು ಚಾಕು ಹಾಕಿ ಕೊಯ್ದು ಕೊಟ್ಟೆವು. ಅವಳ ಗಂಡ ಪಾಪ, "ಪೀಜಾ ಚೆನ್ನಾಗಿದೆ ಅಕ್ಕಾ" ಅಂದರು.

ಬಿಸಿ ಮಾಡಿ ಕೊಡೋಣ ಅಂತ ಮಗಳು ಅರ್ಧ ಭಾಗವನ್ನು ಮೈಕ್ರೋವೇವ್‌ಗೆ ಇಟ್ಟಳು. ಮೈಕ್ರೋವೇವ್ ಕಾಯಿಸುವುದು ಮುಖ್ಯವಾಗಿ ಪದಾರ್ಥದೊಳಗಿನ ನೀರನ್ನು. ಆ ಹಬೆಯೆಲ್ಲ ಚಿಪ್ಸಿಗೇ ಇಳಿಯುತ್ತದೆ. ಹೊರಬಂದದ್ದನ್ನು ಎರಡು ಕೈಯಲ್ಲಿ ಹಿಡಿದು ಎಳೆದರೂ ಹರಿಯಲಿಲ್ಲ. ಓವನ್‌ನಲ್ಲೇ 180ರಲ್ಲಿ ಮತ್ತೆ 5 ನಿಮಿಷ ಇಟ್ಟಿದ್ದರೆ ಅಷ್ಟಿಷ್ಟು ಜೀವ ಬರುತ್ತಿತ್ತು. ಆದರೆ ಓವನ್ ಆರಿತ್ತು. ಮತ್ತೆ ಅದೇ 15 ನಿಮಿಷ.

ಕಾಯುವ ಈ ಕಷ್ಟ ಜಗತ್ತಿನಲ್ಲಿ ನನಗೊಬ್ಬಳಿಗೇ ಬಂದದ್ದಲ್ಲ. 1976ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಫ್ರಾಂಕ್ ಲಿಬರ್ಟೊ ಎಂಬುವವರು ನಾಚೋಸ್ ಮಾರಲು ಹೊರಟರು. ಆಟದ ನಡುವೆ ಎದ್ದು ಬಂದವರು ಓವನ್ ಮುಂದೆ ನಿಲ್ಲುತ್ತಾರಾ? ಓವನ್ ಬಿಟ್ಟೇ ಬಿಟ್ಟರು. ಬೆಚ್ಚಗಿಟ್ಟ ಚೀಸ್ ಸಾಸ್ ಚಿಪ್ಸಿನ ಮೇಲೆ ಸುರಿದರು, ಮೇಲೆ ಹಲಪೀನೊ, ತಗೊಳ್ಳಿ. ನಿಜವಾದ ಫಟಾಫಟ್ ನಾಚೋಸ್ ಅದೇ. ಓದಿ ಹೇಳಿದವನು ಮಗ. ನಾವೂ ಸಾಸ್ ಮಾಡೋಣ ಅಂತ ಚೀಸನ್ನು ಕುದಿಯುವ ಹಾಲಿಗೆ ಸುರಿದವನೂ ಅವನೇ. ಚೀಸ್ ಉಂಡೆ ಕಟ್ಟಿ ತಳದಲ್ಲಿ ಕೂತಿತು. ಮೇಲೆ ಎಣ್ಣೆ ತೇಲಿತು. ನಡುವೆ ಹಾಲು. ತುರಿದ ಚೀಸಿಗೆ ಒಂದು ಚಮಚ ಕಾರ್ನ್ ಫ್ಲೋರ್ ಬೆರೆಸಿ, ಸಣ್ಣ ಉರಿಯಲ್ಲಿ ಹಿಡಿಹಿಡಿಯಾಗಿ ಹಾಕುತ್ತಾ ಕೈಯಾಡಿಸಿದ್ದರೆ ಒಡೆಯುತ್ತಿರಲಿಲ್ಲ. ಕಾರ್ಖಾನೆಯವರು ಸೋಡಿಯಂ ಸಿಟ್ರೇಟ್ ಥರದ ಉಪ್ಪು ಹಾಕಿ ಅದನ್ನು ನುಣ್ಣಗೆ ಹಿಡಿದಿಡುತ್ತಾರೆ. ಇದೆಲ್ಲ ಪಾತ್ರೆ ಉಜ್ಜುವಾಗ ನನಗೆ ತಿಳಿಸಲಾಯಿತು. ಉಜ್ಜುತ್ತಿದ್ದವಳು ನಾನು, ತಿಳಿಸುತ್ತಿದ್ದವನು ಅವನು.

ಇಷ್ಟೆಲ್ಲ ಆದ ಮೇಲೆ ನಮ್ಮ ಮನೆಯಲ್ಲಿ ಈಗ ಒಂದು ಕ್ರಮ ಬಂದಿದೆ. ಚಿಪ್ಸ್ ಹರಡಿಟ್ಟಿರುತ್ತೇನೆ. ಚೀಸ್ ತುರಿದು ಫ್ರಿಜ್‌ನಲ್ಲಿ. ಟೊಮ್ಯಾಟೊ ಜರಡಿಯಲ್ಲಿ. ಓವನ್ ಖಾಲಿ ಮಾಡಿ, ನೋಡಿ, ಇನ್ನೊಮ್ಮೆ ನೋಡಿ, ಕಾಯಿಸಿಟ್ಟಿರುತ್ತೇನೆ. ಆದರೆ ಬಂದವರು ಚಪ್ಪಲಿ ಬಿಟ್ಟು, ಸೋಫಾದಲ್ಲಿ ಕೂತ ಮೇಲೇ ಟ್ರೇ ಒಳಗೆ ಹೋಗುವುದು. ಅನಾಯಾ ಮಾಡಿದ್ದೂ ಹಾಗೇ ಅಲ್ವಾ? ಅತ್ತೆಗೆ ಮಾತ್ರ ವಿನಾಯಿತಿ ಬೇಕಿಲ್ಲ. ಅವರು ಓವನ್ ಹಾಕಿದ ಸದ್ದಿಗೇ ತಟ್ಟೆ ಹಿಡಿದು ಅಡುಗೆಮನೆಯ ಸ್ಟೂಲಿನಲ್ಲಿ ಕೂತಿರುತ್ತಾರೆ.

ನಾದಿನಿಗೆ ಈ ನಿಯಮ ಕೇಳಿ ಬೇಜಾರಾಯಿತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅತ್ತಿಗೆ" ಅಂದಳು. ಮೊನ್ನೆ ಬರುವಾಗ ಪ್ರೂಫ್ ಇರಲಿ ಅಂತ ನಮ್ಮ ಗೇಟಿನ ಫೋಟೋನೇ ಕಳಿಸಿದಳು. ಕೆಳಗೆ "ಗೇಟ್ ಹತ್ರಾನೇ ಇದ್ದೀವಿ, ಇಡಿ ಓವನ್‌ಗೆ!" ಅಂತ ಮೆಸೇಜು. ನಾನು ಟ್ರೇ ಎತ್ತಿದೆ, ಚೀಸ್ ಡಬ್ಬಿ ತೆಗೆದೆ. ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಫೋನ್ ಇಸಕೊಂಡರು. ಫೋಟೋ ದೊಡ್ಡದು ಮಾಡಿ ನೋಡಿದರು. ಗೇಟಿನ ಪಕ್ಕ ದಾಸವಾಳದ ಕುಂಡ ಚೆನ್ನಾಗಿ ಕಾಣುತ್ತಿತ್ತು, ಎರಡು ಹೂವೂ ಬಿಟ್ಟಿತ್ತು.

"ಆ ಕುಂಡ ನಿನ್ನ ಗಂಡ ಕಾರು ತಾಗಿಸಿ ಒಡೆದಿದ್ದು ಯಾವಾಗಮ್ಮಾ?" ಅಂತ ಕೇಳಿದರು ಅತ್ತೆ.

ಚೀಸ್ ಡಬ್ಬಿ ವಾಪಸ್ ಫ್ರಿಜ್‌ಗೆ ಇಟ್ಟೆ.